ಸೈಕಲ್ ಹ್ಯಾಂಡಲ್ ಮೇಲೆ ಹಳೆಯ ಫೋನ್: ಎರಡೂವರೆ ವರ್ಷ ಬಳಸಿದ ಮೇಲೆ

ನನ್ನ ಗೇರ್ ಸೈಕಲ್‌ಗೆ ಹಬ್ ಮೋಟರ್ (ಚಕ್ರದ ನಡುವೆ ಕೂರುವ ಮೋಟರ್) ಕಿಟ್ ಹಾಕಿಸಿ ಮೂರು ವರ್ಷ ಆಗುತ್ತಾ ಬಂತು. 250 ವ್ಯಾಟ್ ಮೋಟರ್, 36 ವೋಲ್ಟ್, 10.4 ಆಂಪಿಯರ್ ಅವರ್ ಬ್ಯಾಟರಿ. ಮೋಟರ್ ಇಷ್ಟು ಸಣ್ಣದು, ವೇಗವೂ ಗಂಟೆಗೆ 25 ಕಿಲೋಮೀಟರ್ ಒಳಗೇ ಇರುವುದರಿಂದ ನೋಂದಣಿ, ಲೈಸೆನ್ಸ್ ಯಾವುದೂ ಬೇಕಿಲ್ಲ. ಮೈಸೂರಿನ ಕುವೆಂಪುನಗರದಿಂದ ಹೆಬ್ಬಾಳ ಕೈಗಾರಿಕಾ ಪ್ರದೇಶಕ್ಕೆ ಇದರಲ್ಲೇ ಕೆಲಸಕ್ಕೆ ಹೋಗಿ ಬರುತ್ತೇನೆ.

ಕಿಟ್ ಜೊತೆ ಬಂದ ಡಿಸ್‌ಪ್ಲೇಯಲ್ಲಿ ಬ್ಯಾಟರಿಗೆ ನಾಲ್ಕು ಎಲ್‌ಇಡಿ, ಪಕ್ಕದಲ್ಲಿ ಮೂರು ಬಟನ್. ಅಷ್ಟೇ. ಏರು ಬಂದರೆ ನಾಲ್ಕು ದೀಪ ಎರಡಾಗುತ್ತಿತ್ತು. ಏರು ಹತ್ತಿ ಮುಗಿಸಿದರೆ ಮತ್ತೆ ನಾಲ್ಕು. ಮೋಟರ್ ಜಾಸ್ತಿ ಕರೆಂಟ್ ಎಳೆದಾಗ ಬ್ಯಾಟರಿಯ ವೋಲ್ಟೇಜ್ ತಾತ್ಕಾಲಿಕವಾಗಿ ಕುಸಿಯುತ್ತದೆ. ಈ ದೀಪಗಳು ನೋಡುವುದು ಆ ವೋಲ್ಟೇಜನ್ನು ಮಾತ್ರ. ನಿಜಕ್ಕೂ ಎಷ್ಟು ಉಳಿದಿದೆ ಅಂತ ಗೊತ್ತಾಗುವುದೇ ಇಲ್ಲ. ಅದಕ್ಕೇ ಮನೆಯಲ್ಲಿ ಸುಮ್ನೆ ಬಿದ್ದಿದ್ದ ಹಳೆಯ ಆಂಡ್ರಾಯ್ಡ್ ಫೋನನ್ನು ಹ್ಯಾಂಡಲ್‌ಗೆ ಏರಿಸಿದೆ.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಫೋನ್ ಬಂತು ಅಂತ ಕಿಟ್‌ನ ಡಿಸ್‌ಪ್ಲೇ ತೆಗೆದು ಎಸೆಯಬೇಡಿ. ಗಾಡಿ ಆನ್ ಆಗುವುದು ಅದರಿಂದ. ಪೆಡಲ್ ಅಸಿಸ್ಟ್ (ತುಳಿಯುವಾಗ ಮೋಟರ್ ಕೊಡುವ ನೆರವು) ಎಷ್ಟಿರಬೇಕು ಅಂತ ಮೋಟರ್ ನಡೆಸುವ ಕಂಟ್ರೋಲರ್‌ಗೆ ಹೇಳುವುದೂ ಅದೇ. ನನ್ನ ಕಿಟ್‌ನಲ್ಲಿ ಅದನ್ನು ಬಿಚ್ಚಿದರೆ ಮೋಟರ್ ತಿರುಗುವುದೇ ಇಲ್ಲ. ಫೋನ್ ಮಾತಾಡುವುದು ಬ್ಯಾಟರಿಯೊಳಗಿನ ಬಿಎಂಎಸ್ (ಸೆಲ್‌ಗಳನ್ನು ಕಾಯುವ ಸರ್ಕ್ಯೂಟ್) ಜೊತೆ, ಬ್ಲೂಟೂತ್ ಮೂಲಕ. ವೇಗ ಜಿಪಿಎಸ್‌ನಿಂದ ಬರುತ್ತದೆ. ಒತ್ತಾಗಿ ಮರ ಬೆಳೆದ ರಸ್ತೆಯಲ್ಲಿ ಅದು ಒಂದೆರಡು ಕ್ಷಣ ತಡ, ನನಗೆ ಅದೇನೂ ತೊಂದರೆ ಅನ್ನಿಸಿಲ್ಲ.

ವೇಗ ನೋಡುವುದಕ್ಕೆ ಇಷ್ಟೆಲ್ಲಾ ಮಾಡಬೇಕಾಗಿಲ್ಲ. ಫೋನಿನ ನಿಜವಾದ ಉಪಯೋಗ ಬ್ಯಾಟರಿ ನೋಡುವುದರಲ್ಲಿದೆ. ನನ್ನ ಪ್ಯಾಕ್‌ನಲ್ಲಿ 40 ಸೆಲ್‌ಗಳಿವೆ. ನಾಲ್ಕು ನಾಲ್ಕು ಸೇರಿ ಒಂದು ಗುಂಪು, ಅಂಥ ಹತ್ತು ಗುಂಪು. ಫೋನಿನಲ್ಲಿರುವ ಬಿಎಂಎಸ್ ಆ್ಯಪ್‌ನಲ್ಲಿ ಹತ್ತು ಗುಂಪಿನ ವೋಲ್ಟೇಜೂ ಪ್ರತ್ಯೇಕವಾಗಿ ಕಾಣುತ್ತದೆ. ಕಳೆದ ವರ್ಷ ಒಂದು ಬೆಳಗ್ಗೆ ಕುಕ್ಕರಹಳ್ಳಿ ಕೆರೆ ದಾಟಿ ಏರಿನಲ್ಲಿ ಹೋಗುತ್ತಿದ್ದೆ. ಮಿಕ್ಕ ಗುಂಪೆಲ್ಲ 3.6 ವೋಲ್ಟ್ ಹತ್ತಿರ ಇದ್ದರೆ ಏಳನೆಯದು ಮಾತ್ರ 3.4ಕ್ಕೆ ಇಳಿದಿತ್ತು. ಗಾಡಿ ನಿಲ್ಲಿಸಿದೆ. ಅರ್ಧ ನಿಮಿಷದಲ್ಲಿ ಅದು ಮೇಲಕ್ಕೆ ಬಂದು ಮಿಕ್ಕವುಗಳ ಹತ್ತಿರ ನಿಂತಿತು. ಮತ್ತೆ ಹೊರಟೆ, ಮತ್ತೆ ಕುಸಿಯಿತು. ಒಂದು ವಾರ ಹೀಗೇ ಬರೆದಿಟ್ಟುಕೊಂಡು ಪ್ಯಾಕ್ ಕಟ್ಟಿಕೊಟ್ಟ ಅಂಗಡಿಗೆ ತೆಗೆದುಕೊಂಡು ಹೋದೆ. ಬಿಚ್ಚಿ ನೋಡಿದರೆ ಆ ಗುಂಪಿನ ಒಂದು ಸೆಲ್ ಮೇಲೆ, ಸೆಲ್‌ಗಳನ್ನು ಜೋಡಿಸುವ ನಿಕ್ಕಲ್ ಪಟ್ಟಿಯ ಬೆಸುಗೆ ಬಿಟ್ಟಿತ್ತು. ನಾಲ್ಕು ಸೆಲ್ ಎಳೆಯಬೇಕಾದ ಭಾರವನ್ನು ಮೂರೇ ಎಳೆಯುತ್ತಿದ್ದವು. ಆ ನಾಲ್ಕು ದೀಪದಲ್ಲಿ ಇದು ಯಾವತ್ತೂ ಗೊತ್ತಾಗುತ್ತಿರಲಿಲ್ಲ. ಒಂದು ದಿನ ಎರಡು ದೀಪ ಉರಿಯುತ್ತಿರುವಾಗಲೇ ಗಾಡಿ ನಿಂತುಹೋಗುತ್ತಿತ್ತು. ಈ ಒಂದು ಕಾರಣಕ್ಕೇ ನನಗೆ ಫೋನ್ ಬೇಕು. (ಪ್ಯಾಕ್ ಅನ್ನು ಮನೆಯಲ್ಲಿ ನೀವೇ ಬಿಚ್ಚಬೇಡಿ. ಲಿಥಿಯಂ ಸೆಲ್ ಶಾರ್ಟ್ ಆದರೆ ಬೆಂಕಿ ಹತ್ತುತ್ತದೆ.)

ಶುರುವಿನಲ್ಲಿ ಒಂದು ತಿಂಗಳು ನನ್ನ ದಿನಬಳಕೆಯ ಫೋನನ್ನೇ ಹಾಕಿದ್ದೆ. ಆಮೇಲೆ ಕ್ಯಾಮೆರಾ ಫೋಕಸ್ ಆಗದೆ ನಡುಗಲು ಶುರುವಾಯಿತು. ಈಗಿನ ಕ್ಯಾಮೆರಾಗಳಲ್ಲಿ ಲೆನ್ಸ್ ಸಣ್ಣ ಸ್ಪ್ರಿಂಗ್ ಮೇಲೆ ತೇಲುವ ಹಾಗೆ ಇರುತ್ತದೆ, ಕಂಪನ ಅದಕ್ಕೆ ಆಗುವುದಿಲ್ಲ. ಬೈಕ್ ಎಂಜಿನ್ ಕಂಪನದಿಂದ ಐಫೋನ್ ಕ್ಯಾಮೆರಾ ಹಾಳಾಗಬಹುದು ಅಂತ ಆಪಲ್ ಕೂಡ 2021ರಲ್ಲಿ ಎಚ್ಚರಿಸಿತ್ತು. ಎಲೆಕ್ಟ್ರಿಕ್ ಸೈಕಲ್‌ನಲ್ಲಿ ಎಂಜಿನ್ ಇಲ್ಲ ನಿಜ, ಆದರೆ ನಮ್ಮ ರಸ್ತೆಯ ಹಂಪು, ಗುಂಡಿ ಇವೆಯಲ್ಲ! ಹಾಗಾಗಿ ಕ್ಯಾಮೆರಾ ಕೆಟ್ಟರೂ ಚಿಂತೆ ಇಲ್ಲದ ಹಳೆಯ ಫೋನೇ ಇದಕ್ಕೆ ಸರಿ. ಸಿಮ್ ಹಾಕಿಲ್ಲ. ಕರೆ ಬರುವುದಿಲ್ಲ, ಮೆಸೇಜ್ ಬರುವುದಿಲ್ಲ. ಗಮನ ರಸ್ತೆ ಮೇಲೇ ಇರುತ್ತದೆ. ಮ್ಯಾಪ್ ಬೇಕಾದರೆ ಮನೆಯ ವೈಫೈನಲ್ಲಿ ಆರ್ಗ್ಯಾನಿಕ್ ಮ್ಯಾಪ್ಸ್ ಅನ್ನುವ ಆ್ಯಪ್‌ಗೆ ಇಡೀ ಕರ್ನಾಟಕ ಇಳಿಸಿಕೊಂಡಿದ್ದೇನೆ, ನೆಟ್ ಇಲ್ಲದೆ ನಡೆಯುತ್ತದೆ.

ಹೋಲ್ಡರ್ ಮೂರನೆಯದು ಈಗ. ಮೊದಲನೆಯದು ಪಾರದರ್ಶಕ ಪ್ಲಾಸ್ಟಿಕ್ ಚೀಲ. ಏಪ್ರಿಲ್ ಬಿಸಿಲಿನಲ್ಲಿ ಅದರೊಳಗೆ ಫೋನ್ ಕಾದು ಸ್ಕ್ರೀನ್ ತಾನೇ ಮಂಕಾಗುತ್ತಿತ್ತು, ಚಾರ್ಜಿಂಗ್ ಕೂಡ ನಿಲ್ಲುತ್ತಿತ್ತು. ಎರಡನೆಯದರ ಕಾಲು ಮುರಿಯಿತು. ಈಗ ಇರುವುದು ನಾಲ್ಕು ಮೂಲೆ ಹಿಡಿಯುವ ಅಲ್ಯೂಮಿನಿಯಂ ಹೋಲ್ಡರ್, ಮೇಲೆ ಸಿಲಿಕೋನ್ ಪಟ್ಟಿ. ಹಿಂಭಾಗ ತೆರೆದಿರುವುದರಿಂದ ಗಾಳಿ ಆಡುತ್ತದೆ. ಬಿಸಿಲಿನಲ್ಲಿ ಓದಲು ಕಪ್ಪು ಹಿನ್ನೆಲೆಗಿಂತ ಬಿಳಿ ಹಿನ್ನೆಲೆ ಮೇಲೆ ಕಪ್ಪು ಅಂಕಿ ಎಷ್ಟೋ ಮೇಲು. ಪೋಲರೈಸ್ಡ್ ಕೂಲಿಂಗ್ ಗ್ಲಾಸ್ ಹಾಕಿಕೊಂಡರೆ ಮಾತ್ರ ನನ್ನ ಫೋನ್ ಉದ್ದಕ್ಕೆ ಇಟ್ಟಾಗ ಪೂರ್ತಿ ಕಪ್ಪಾಗುತ್ತದೆ. ಅಡ್ಡ ತಿರುಗಿಸಿದರೆ ಸರಿಹೋಗುತ್ತದೆ.

ಮಳೆಯ ಕಥೆ ಬೇರೆ. ಮೊದಲ ಮಳೆಗಾಲದಲ್ಲಿ ಒಂದು ಸಂಜೆ ಹುಣಸೂರು ರಸ್ತೆಯಲ್ಲಿ ಜೋರು ಮಳೆ. ಸ್ಕ್ರೀನ್ ಮೇಲೆ ಬಿದ್ದ ಹನಿಗಳನ್ನು ಫೋನ್ ಬೆರಳು ಅಂತ ತಿಳಿಯುತ್ತದೆ. ಪುಟ ತಾನೇ ಜರುಗುತ್ತಿತ್ತು. ಬ್ಯಾಟರಿಯ ಡಿಸ್ಚಾರ್ಜ್, ಅಂದರೆ ಅದರಿಂದ ಹೊರಬರುವ ಕರೆಂಟ್, ಆನ್-ಆಫ್ ಮಾಡುವ ಬಟನ್ ಕೂಡ ಅದೇ ಬಿಎಂಎಸ್ ಆ್ಯಪ್‌ನಲ್ಲಿದೆ. ಒಂದು ಹನಿ ಅದನ್ನು ಆಫ್ ಮಾಡಿತು. ಮೋಟರ್, ಡಿಸ್‌ಪ್ಲೇ, ಹೆಡ್‌ಲೈಟ್ ಎಲ್ಲಾ ಒಟ್ಟಿಗೆ ಹೋಯಿತು. ಹಿಂದೆ ಬಸ್ಸಿತ್ತು. ಸೈಕಲ್ ಆದ್ದರಿಂದ ಪೆಡಲ್ ತುಳಿದು ಪಕ್ಕಕ್ಕೆ ಬಂದೆ. ಆವತ್ತು ನಿಜಕ್ಕೂ ಹೆದರಿದ್ದೆ. ಅಂದಿನಿಂದ ಟಚ್ ಲಾಕ್ ಮಾಡುವ ಆ್ಯಪ್ ಹಾಕಿಕೊಂಡೇ ಹೊರಡುವುದು. ಹೆಡ್‌ಲೈಟ್‌ಗೆ ಬೇರೆ ಬ್ಯಾಟರಿ ಕೊಟ್ಟಿದ್ದೇನೆ. ಹಾಗೇ ಬಿಎಂಎಸ್‌ಗೆ ಪಾಸ್‌ವರ್ಡ್ ಇದೆಯಾ ಅಂತಲೂ ನೋಡಿಕೊಳ್ಳಿ. ನನ್ನದಕ್ಕೆ ಇರಲಿಲ್ಲ. ಪಕ್ಕದಲ್ಲಿ ನಿಂತವರು ಯಾರು ಬೇಕಾದರೂ ಅದೇ ಆ್ಯಪ್‌ನಿಂದ ನನ್ನ ಗಾಡಿ ಆಫ್ ಮಾಡಬಹುದಿತ್ತು, ಅಲ್ವಾ?

ಫೋನ್ ಚಾರ್ಜ್ ಬಗ್ಗೆ ತುಂಬಾ ಜನ ಕೇಳುತ್ತಾರೆ. ಮುಖ್ಯ ಬ್ಯಾಟರಿಯಿಂದ ಒಂದು ಡಿಸಿ ಕನ್ವರ್ಟರ್ ಮೂಲಕ 5 ವೋಲ್ಟ್ ತೆಗೆದಿದ್ದೇನೆ. ಸ್ಕ್ರೀನ್ ಪೂರ್ತಿ ಬೆಳಗಿ, ಜಿಪಿಎಸ್ ನಡೆದರೂ ಫೋನ್ ತಿನ್ನುವುದು ಎರಡು ಮೂರು ವ್ಯಾಟ್. ಅರ್ಧ ಗಂಟೆಯ ದಾರಿಗೆ ಒಂದೂವರೆ ವ್ಯಾಟ್ ಅವರ್ ಒಳಗೇ. ನನ್ನ ಸೈಕಲ್ ಒಂದು ಕಿಲೋಮೀಟರ್‌ಗೆ ಸುಮಾರು ಹತ್ತು ವ್ಯಾಟ್ ಅವರ್ ಬಳಸುತ್ತದೆ. ಅಂದರೆ ಕಳೆದುಕೊಳ್ಳುವುದು ನೂರೈವತ್ತು ಮೀಟರ್ ಅಷ್ಟೇ.

ಆದರೆ ಕನ್ವರ್ಟರ್ ಅನ್ನು ನೇರವಾಗಿ ಬ್ಯಾಟರಿಗೆ ಸೇರಿಸಬೇಡಿ. ಫೋನ್ ತೆಗೆದಿಟ್ಟರೂ ಅದು ಸ್ವಲ್ಪ ಸ್ವಲ್ಪ ಕರೆಂಟ್ ಕುಡಿಯುತ್ತಲೇ ಇರುತ್ತದೆ. ಒಂದು ಸಲ ಮೂರು ವಾರ ಊರಿಗೆ ಹೋಗಿ ಬಂದಾಗ ಅರ್ಧ ಇದ್ದ ಬ್ಯಾಟರಿ ಪೂರ್ತಿ ಖಾಲಿಯಾಗಿ ಬಿಎಂಎಸ್ ಆಫ್ ಆಗಿತ್ತು. ಈಗ ಮಧ್ಯೆ ಒಂದು ಸಣ್ಣ ರಾಕರ್ ಸ್ವಿಚ್ ಹಾಕಿಸಿದ್ದೇನೆ, ಸೀಟಿನ ಕೆಳಗೆ. ಮನೆಗೆ ಬಂದು ಸ್ಟ್ಯಾಂಡ್ ಹಾಕಿದ ಕೂಡಲೇ ಕೈ ಮೊದಲು ಅಲ್ಲಿಗೇ ಹೋಗುತ್ತದೆ.