ಕಾಯಿಲ್ಲೋ, ಡಿವೈಸೋ?

ಹೃದಯದ ಬಳಿ ಮುಚ್ಚದೆ ಉಳಿದ ನಾಳವನ್ನು ಮುಚ್ಚಲು ಒಳಗೆ ಹಾಕುವ ಸಾಧನಗಳು ಇವು. ನಮ್ಮ ಮನೆಯಲ್ಲಿ ಎರಡೂ ಇವೆ. ನನ್ನ ಮಗಳಿಗೆ ಕಾಯಿಲ್, ಅಕ್ಕನ ಮಗನಿಗೆ ಡಿವೈಸ್. ಇಬ್ಬರಿಗೂ ಇದ್ದದ್ದು ಪಿಡಿಎ, ಅಂದರೆ ಪೇಟೆಂಟ್ ಡಕ್ಟಸ್ ಆರ್ಟೀರಿಯೋಸಸ್. ಗಂಗಾವತಿಯಲ್ಲಿ ಎಲ್ಲರೂ ‘ಹಾರ್ಟಿಗೆ ತೂತು’ ಅಂದುಬಿಡುತ್ತಾರೆ. ಅದು ತೂತಲ್ಲ, ಹೊಟ್ಟೆಯಲ್ಲಿರುವಾಗ ಮಗುವಿಗೆ ಬೇಕಾಗುವ ಪುಟ್ಟ ನಾಳ. ಹುಟ್ಟಿದ ಕೆಲವೇ ದಿನಗಳಲ್ಲಿ ಮುಚ್ಚಬೇಕಿತ್ತು, ಮುಚ್ಚಿರಲಿಲ್ಲ. ನಾನೂ ಅಕ್ಕನೂ ಸಂಬಂಧದಲ್ಲೇ ಮದುವೆಯಾದವರು. ಅದೂ ಒಂದು ಕಾರಣ ಇರಬಹುದು ಅಂದರು ಡಾಕ್ಟರು.

ಮಗಳ ನಾಳ 2 ಮಿ.ಮೀ.ಗಿಂತ ಕಡಿಮೆ ಇತ್ತು. ಅಂಗನವಾಡಿ ತಪಾಸಣೆಯಲ್ಲಿ ಎದೆಯ ಸದ್ದು ಕೇಳಿ ಗೊತ್ತಾಯಿತು. ಕಾಯಿಲ್ ಅಂದರೆ ನೂಲಿನ ಎಳೆ ಸಿಕ್ಕಿಸಿದ ಲೋಹದ ಸುರುಳಿ. ಎಳೆಗಳ ಮೇಲೆ ರಕ್ತ ಹೆಪ್ಪುಗಟ್ಟಿ ದಾರಿ ಮುಚ್ಚುತ್ತದೆ. ತೊಡೆಯ ಆರ್ಟರಿಯಿಂದ (ಧಮನಿಯಿಂದ) ಸಣ್ಣ ಟ್ಯೂಬ್ ತೂರಿಸಿ ಹಾಕಿದ್ದರಿಂದ 6 ತಾಸು ಕಾಲು ಮಡಚುವಂತಿರಲಿಲ್ಲ. 4 ವರ್ಷದ ಹುಡುಗಿಯನ್ನು ಹಾಗೆ ಮಲಗಿಸಿ ನೋಡಿ, ಗೊತ್ತಾಗುತ್ತದೆ! ಮರುದಿನ ಎಕೋದಲ್ಲಿ (ಹೃದಯದ ಸ್ಕ್ಯಾನ್) ಸಣ್ಣ ಲೀಕ್ ಕಂಡಿತು. ಕಾಯಿಲ್‌ನ ತಲೆನೋವೇ ಇದು. ಲೀಕ್ ರಭಸವಾಗಿದ್ದರೆ ರಕ್ತಕಣ ಒಡೆಯುತ್ತವಂತೆ, ಮೂತ್ರ ಕಂದಾದರೆ ತಕ್ಷಣ ಬನ್ನಿ ಅಂದರು. ಆಮೇಲೆ ದಿನವೂ ಅದೇ ಕೆಲಸ, ಬಣ್ಣ ನೋಡುವುದು. 6 ತಿಂಗಳ ಎಕೋದಲ್ಲಿ ಲೀಕ್ ನಿಂತಿತ್ತು.

ಅಕ್ಕನ ಮಗ ಒಂದೂವರೆ ವರ್ಷದವನು. ತೂಕ ಏರುತ್ತಿರಲಿಲ್ಲ, ಪದೇ ಪದೇ ಕೆಮ್ಮು. ನಾಳ 4 ಮಿ.ಮೀ., ಕಾಯಿಲ್ ನಿಲ್ಲುವ ಅಳತೆಯಲ್ಲ. ಅವನಿಗೆ ಅಣಬೆಯಂಥ ಡಿವೈಸ್. ನಿಕಲ್ ಟೈಟಾನಿಯಂ ತಂತಿಯ ಜಾಲರಿ. ಟ್ಯೂಬಿನೊಳಗೆ ಎಳೆದರೆ ಸಣ್ಣಗಾಗುತ್ತದೆ, ಹೊರಬಂದರೆ ತನ್ನ ಆಕಾರಕ್ಕೆ ಮರಳುತ್ತದೆ. ಅಕ್ಕ ಅದನ್ನು ‘ಬಿರಡೆ’ ಅನ್ನುತ್ತಾಳೆ. ವೇನ್‌ನಿಂದ (ಅಭಿಧಮನಿಯಿಂದ) ಹಾಕಿದರು. ನನಗೆ ಹಿಡಿಸಿದ್ದು ಅದರ ಸ್ಕ್ರೂ. ಡಿವೈಸನ್ನು ಒಳಕ್ಕೆ ತಳ್ಳುವ ತಂತಿಯ ತುದಿಗೆ ತಿರುಗಿಸಿ ಕೂರಿಸಿರುತ್ತಾರೆ. ಬಿಚ್ಚುವ ತನಕ, ಜಾಗ ಸರಿಯಾಗದಿದ್ದರೆ ಹಿಂದಕ್ಕೆ ಎಳೆದುಕೊಳ್ಳಬಹುದು. ಹಳೆಯ ಬಗೆಯ ಕಾಯಿಲ್ ಹೊರಗೆ ತಳ್ಳಿದ ಮೇಲೆ ಮುಗಿಯಿತು. ತಂತಿಯಿಂದ ಬಿಚ್ಚುವ ತನಕ ಹಿಂದಕ್ಕೆ ಎಳೆದುಕೊಳ್ಳಬಹುದಾದ ಕಾಯಿಲ್‌ಗಳೂ ಇವೆ ಅನ್ನಿ. ಮರುದಿನದ ಎಕೋದಲ್ಲಿ ಅವನಿಗೆ ಲೀಕ್ ಇರಲಿಲ್ಲ. ಆದರೆ ತೀರಾ ಚಿಕ್ಕ ಮಕ್ಕಳಲ್ಲಿ ಡಿವೈಸಿನ ಅಂಚು ಮಹಾಧಮನಿಗೋ ಎಡ ಶ್ವಾಸಕೋಶದ ನಾಳಕ್ಕೋ ಚಾಚುವ ಭಯ ಇರುತ್ತದೆ.

ದುಡ್ಡಿನಲ್ಲಿ ಕಾಯಿಲ್ ತುಂಬಾ ಅಗ್ಗ. ನಮಗೆ ಆಯುಷ್ಮಾನ್ ಕಾರ್ಡ್ ಇತ್ತು, ಹಾಗಾಗಿ ಆ ಚಿಂತೆ ಬರಲಿಲ್ಲ. ನನ್ನನ್ನು ಕೇಳಿದರೆ ಡಿವೈಸೇ ನೆಮ್ಮದಿ. ಆದರೆ ಮಗಳಷ್ಟು ಸಣ್ಣ ನಾಳಕ್ಕೆ ಸುಮ್ನೆ ಜಾಸ್ತಿ ಖರ್ಚು ಯಾಕೆ, ಅಲ್ವಾ?

ಹೃದಯಕ್ಕೆ ಸೋಂಕು ತಗಲದಂತೆ ಹಲ್ಲಿನ ಕೆಲಸಕ್ಕೆ ಮುಂಚೆ ಆ್ಯಂಟಿಬಯೋಟಿಕ್ ಕೊಡುವುದು, ಹಾಕಿಸಿದ ಮೇಲೆ ಇಬ್ಬರಿಗೂ 6 ತಿಂಗಳು. ಒಳಗೆ ಏನು ಹಾಕಿದ್ದಾರೆ ಅಂತ ಬರೆದು ಆಸ್ಪತ್ರೆ ಕೊಟ್ಟ ಇಂಪ್ಲಾಂಟ್ ಕಾರ್ಡುಗಳನ್ನು ರೇಷನ್ ಕಾರ್ಡಿನ ಜೊತೆ ಇಟ್ಟಿದ್ದೇನೆ. ಮುಂದೆ ಎಂಆರ್‌ಐ ಮಾಡಿಸಬೇಕಾದರೆ ಮೊದಲು ಅದನ್ನೇ ತೋರಿಸಬೇಕು. ಸ್ಟೀಲಿನ ಕಾಯಿಲ್ ಇದ್ದರೆ ಸುತ್ತಲಿನ ಚಿತ್ರ ಕೆಡುತ್ತದೆ.