ಎಂಜಿಬಿ ಜಿಟಿಯ ಹೀಟರ್ ವಾಲ್ವ್: ನಾಲ್ಕು ಚಳಿಗಾಲಗಳ ಬಳಕೆಯ ನಂತರ

ಇಂಗ್ಲೆಂಡಿನ ಡರ್ಬಿಯಲ್ಲಿ ನೆಲೆಸಿರುವ ನನ್ನ ಬಳಿ 1972ರ ಎಂಜಿಬಿ ಜಿಟಿ ಎಂಬ ಬ್ರಿಟಿಷ್ ಸ್ಪೋರ್ಟ್ಸ್ ಕಾರು ಒಂಬತ್ತು ವರ್ಷಗಳಿಂದ ಇದೆ. ಅದರ ಹೀಟರ್ ವಾಲ್ವನ್ನು, ಅಂದರೆ ಕಾರಿನೊಳಗೆ ಬಿಸಿಗಾಳಿ ಕೊಡುವ ಹೀಟರಿಗೆ ಎಂಜಿನ್ನಿನ ಬಿಸಿ ದ್ರವವನ್ನು ಬಿಡುವ, ತಡೆಯುವ ಕವಾಟವನ್ನು, ಎರಡು ಸಲ ಬದಲಾಯಿಸಿದ್ದೇನೆ. ಮೊದಲ ಸಲ ಹಾಕಿದ್ದು 14 ತಿಂಗಳಿಗೇ ಸೋರಲು ಆರಂಭಿಸಿತು. ಎರಡನೆಯದು ನಾಲ್ಕು ಚಳಿಗಾಲಗಳನ್ನೂ ಸುಮಾರು 11,000 ಮೈಲಿಗಳನ್ನೂ ದಾಟಿ ಇಂದಿಗೂ ಕೆಲಸ ಮಾಡುತ್ತಿದೆ. ಅಬಿಂಗ್ಡನ್ ಕಾರ್ಖಾನೆಯಿಂದ 1962 ಮತ್ತು 1980ರ ನಡುವೆ ಐದು ಲಕ್ಷಕ್ಕೂ ಹೆಚ್ಚು ಎಂಜಿಬಿಗಳು ಹೊರಬಂದಿರುವುದರಿಂದ ಬಿಡಿಭಾಗಗಳು ಸಿಗುವುದು ಕಷ್ಟವಲ್ಲ, ಆದರೆ ನೋಡಲು ಒಂದೇ ಥರ ಇರುವ ಎರಡು ಬಿಡಿಭಾಗಗಳ ಗುಣಮಟ್ಟದಲ್ಲಿ ಅಜಗಜಾಂತರವಿರುತ್ತದೆ ಎಂಬುದನ್ನು ನಾನು ಕಲಿತದ್ದು ಈ ವಾಲ್ವಿನಿಂದ.

ಈ ಕಾರಿನ 1798 ಸಿಸಿ ಎಂಜಿನ್ನಿನಲ್ಲಿ ವಾಲ್ವ್ ಇರುವುದು ಎಂಜಿನ್ನಿನ ಮೇಲ್ಭಾಗವಾದ ಸಿಲಿಂಡರ್ ಹೆಡ್ಡಿನ ಬಲಬದಿಯಲ್ಲಿ, ಹಿಂಭಾಗದ ಮೂಲೆಯಲ್ಲಿ. ಡ್ಯಾಶ್‌ಬೋರ್ಡಿನ ಗುಂಡಿ ತಿರುಗಿಸಿದರೆ ಕೇಬಲ್ ಎಳೆದು ವಾಲ್ವ್ ತೆರೆಯುತ್ತದೆ, ಬಿಸಿ ಕೂಲೆಂಟ್ (ಎಂಜಿನ್ನನ್ನು ತಂಪಾಗಿಡುವ ದ್ರವ) ಹೋಸಿನ ಮೂಲಕ ಹೀಟರಿಗೆ ಹರಿಯುತ್ತದೆ. ಒಳಗಿನ ತೆಳು ರಬ್ಬರ್ ಪೊರೆ, ಅಂದರೆ ಡಯಾಫ್ರಮ್, ಹರಿದರೆ ಅಥವಾ ಹೆಡ್ಡಿಗೂ ವಾಲ್ವಿಗೂ ನಡುವೆ ಸೋರಿಕೆ ತಡೆಯುವ ಹಾಳೆಯಾದ ಗ್ಯಾಸ್ಕೆಟ್ ಸರಿಯಾಗಿ ಕೂರದಿದ್ದರೆ ಸೋರಿಕೆ ಶುರುವಾಗುತ್ತದೆ. ಕೂಲೆಂಟ್ ಎಂಜಿನ್ನಿನ ಪಕ್ಕೆಯಲ್ಲೇ ಕೆಳಗಿಳಿದು ಸ್ಟಾರ್ಟರ್ ಮೋಟಾರಿನ ಕಡೆಗೆ ಹೋಗುವುದರಿಂದ ಇದನ್ನು ಸಣ್ಣ ಸೋರಿಕೆಯೆಂದು ಬಿಡುವಂತಿಲ್ಲ.

ಮೊದಲ ವಾಲ್ವನ್ನು ಕಡಿಮೆ ಬೆಲೆಗೆ ಸಿಕ್ಕಿತೆಂದು ಒಂದು ಅಂಗಡಿಯಿಂದ ತರಿಸಿದ್ದೆ. ಡಿಸೆಂಬರಿನ ಒಂದು ಬೆಳಗ್ಗೆ ಕಾರಿನ ಕೆಳಗೆ ಹಾಸಿದ್ದ ಹಳೆಯ ಪತ್ರಿಕೆಯ ಮೇಲೆ ಅಂಗೈಯಗಲದ ನೀಲಿ ಕಲೆ ಕಂಡಿತು. ಬಿಚ್ಚಿ ನೋಡಿದಾಗ ಡಯಾಫ್ರಮ್‌ನ ಅಂಚಿನಲ್ಲಿ ಉಗುರಿನ ಆಕಾರದ ಸೀಳು ಇತ್ತು, ರಬ್ಬರನ್ನು ಬೆರಳಿನಿಂದ ಮಡಿಸಿದರೆ ಸೀಳು ಇನ್ನಷ್ಟು ಬಾಯಿಬಿಡುತ್ತಿತ್ತು. ಹೊಸ ವಸ್ತುವೊಂದು ಒಂದೂಕಾಲು ವರ್ಷವೂ ಬಾಳದೆ ಹೀಗಾದದ್ದು ನನಗೆ ನಿಜವಾಗಿಯೂ ನೋವುಂಟುಮಾಡಿತು. ಆದರೆ ತಪ್ಪೆಲ್ಲ ವಾಲ್ವಿನದೇ ಎನ್ನಲಾರೆ. ಕೇಬಲನ್ನು ನಾನೇ ತೀರಾ ಬಿಗಿಯಾಗಿ ಹೊಂದಿಸಿದ್ದೆ. ಗುಂಡಿಯನ್ನು ಕೊನೆಯವರೆಗೆ ತಿರುಗಿಸಿದಾಗಲೆಲ್ಲ ಅದು ವಾಲ್ವಿನ ಸನ್ನೆಯನ್ನು ಅದರ ಮಿತಿಯಾಚೆಗೆ ಎಳೆಯುತ್ತಿತ್ತು.

ಎರಡನೆಯದಕ್ಕೆ ಹೆಚ್ಚುಕಡಿಮೆ ದುಪ್ಪಟ್ಟು ಬೆಲೆ ಕೊಟ್ಟೆ. ಕೈಯಲ್ಲಿ ಹಿಡಿದಾಗಲೇ ತೂಕದ ವ್ಯತ್ಯಾಸ ತಿಳಿಯಿತು, ಸನ್ನೆಯೂ ಅಲುಗಾಡದೆ ಚಲಿಸುತ್ತಿತ್ತು. ಈ ಸಲ ಕೆಲಸಕ್ಕೆ ಒಂದು ಇಡೀ ಶನಿವಾರ ಮೀಸಲಿಟ್ಟೆ. ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ರೇಡಿಯೇಟರಿನಿಂದ ಎರಡು ಲೀಟರಿನಷ್ಟು ಕೂಲೆಂಟ್ ಇಳಿಸಿದೆ. ವಾಲ್ವ್ ಎತ್ತರದಲ್ಲಿರುವುದರಿಂದ ಪೂರ್ತಿ ಖಾಲಿ ಮಾಡಬೇಕಾಗಿಲ್ಲ. ಹಳೆಯ ಹೋಸನ್ನು ತಿರುಚಿ ಎಳೆಯದೆ ಚಾಕುವಿನಿಂದ ಉದ್ದಕ್ಕೆ ಸೀಳಿ ತೆಗೆದೆ, ಏಕೆಂದರೆ ಎಳೆದಾಟದಲ್ಲಿ ಹೀಟರಿನ ಕೊಳವೆಗೆ ಪೆಟ್ಟಾದರೆ ಹೀಟರ್ ಪೆಟ್ಟಿಗೆಯನ್ನೇ ಹೊರತೆಗೆಯಬೇಕಾಗುತ್ತದೆ, ಮತ್ತು ಈ ಕಾರಿನಲ್ಲಿ ಅದಕ್ಕಿಂತ ತ್ರಾಸದ ಕೆಲಸ ಇನ್ನೊಂದಿಲ್ಲವೆಂದೇ ಹೇಳಬೇಕು.

ಹೆಡ್ಡಿಗೆ ಅಂಟಿಕೊಂಡಿದ್ದ ಹಳೆಯ ಗ್ಯಾಸ್ಕೆಟ್ಟಿನ ಚೂರುಗಳನ್ನು ಬ್ಲೇಡಿನಿಂದ ಕೆರೆಯಲು ಮುಕ್ಕಾಲು ಗಂಟೆ ಹಿಡಿಯಿತು. ಹೆಡ್ಡಿನಿಂದ ವಾಲ್ವಿಗೆ ಕೂಲೆಂಟ್ ಬರುವ ರಂಧ್ರದ ಬಾಯಲ್ಲಿ ತುಕ್ಕಿನ ಕೆಸರು ಗಟ್ಟಿಯಾಗಿ ಕೂತಿತ್ತು. ತಂತಿಯಿಂದ ಕೆದಕಿದಾಗ ಕಾಫಿ ಗಸಿಯಂಥ ಕಂದು ಪುಡಿ ಉದುರಿತು. ಹೀಟರ್ ಸರಿಯಾಗಿ ಬಿಸಿಯಾಗುತ್ತಿಲ್ಲವೆಂದು ದೂರುವವರು ವಾಲ್ವ್ ಬದಲಿಸುವ ಮುನ್ನ ಇಲ್ಲಿ ನೋಡಬೇಕು. ಹೊಸ ವಾಲ್ವಿನ ಚಾಚನ್ನು (ಹೆಡ್ಡಿಗೆ ತಾಗಿ ಕೂರುವ ಚಪ್ಪಟೆ ಅಂಚನ್ನು) ಗಾಜಿನ ಮೇಲಿಟ್ಟು ಪರೀಕ್ಷಿಸಿದಾಗ ಒಂದು ಮೂಲೆ ಕೂದಲೆಳೆಯಷ್ಟು ಎದ್ದಿತ್ತು. ಗಾಜಿನ ಮೇಲೆ ನಯವಾದ ಉಪ್ಪುಕಾಗದ ಹಾಸಿ, ಉಜ್ಜಿ ಸಮಮಾಡಿದೆ. ದುಬಾರಿ ವಾಲ್ವಿನಲ್ಲೂ ಈ ದೋಷವಿದ್ದದ್ದು ತಯಾರಕರು ಗಮನಿಸಬೇಕಾದ ಸಂಗತಿ. ಹೀಗೆ ಸಮವಾಗಿಲ್ಲದ ಚಾಚನ್ನು ಸ್ಪ್ಯಾನರಿನ ಬಲದಿಂದ ಕೂರಿಸಲು ಹೋದರೆ ಅದು ಇನ್ನಷ್ಟು ಬಾಗುತ್ತದೆ. ಆದ್ದರಿಂದ ಹೊಸ ಗ್ಯಾಸ್ಕೆಟ್ ಇಟ್ಟು ಎರಡೂ ಕಡೆ ಸ್ವಲ್ಪಸ್ವಲ್ಪವಾಗಿ, ಒಂದಾದ ಮೇಲೊಂದರಂತೆ ಬಿಗಿಮಾಡಿದೆ. ಕೇಬಲನ್ನು ವಾಲ್ವ್ ಪೂರ್ತಿ ಮುಚ್ಚಿದ ಸ್ಥಿತಿಯಲ್ಲಿ, ಗುಂಡಿಯಲ್ಲಿ ಒಂದಿಷ್ಟು ಸಡಿಲ ಉಳಿಸಿ ಕಟ್ಟಿದೆ.

ಕೂಲೆಂಟಿನ ಬಗ್ಗೆ ಎರಡು ಮಾತು. ಎಥಿಲೀನ್ ಗ್ಲೈಕಾಲ್ ಆಧಾರಿತ, ಹಳೆಯ ಕಾರುಗಳಿಗೆ ಹೊಂದುವ ಹಳೆಯ ಬಗೆಯ ನೀಲಿ ಕೂಲೆಂಟನ್ನು ಅರ್ಧಕ್ಕರ್ಧ ನೀರು ಬೆರೆಸಿ ಬಳಸುತ್ತೇನೆ. ತುಂಬುವಾಗ ಗಾಳಿ ಸಿಕ್ಕಿಕೊಳ್ಳದಿರಲೆಂದು ಹೀಟರ್ ವಾಲ್ವನ್ನು ತೆರೆದಿಡುತ್ತೇನೆ. ಈ ದ್ರವ ವಿಷ, ರುಚಿಯೋ ಸಿಹಿ. ಬೆಕ್ಕು, ನಾಯಿ ಸಾಕಿದವರು ಒಂದು ಹನಿಯನ್ನೂ ನೆಲದ ಮೇಲೆ ಬಿಡಬಾರದು.

ಬಳಕೆಯಲ್ಲಿ ಕೊರತೆಗಳಿಲ್ಲವೆಂದಲ್ಲ. ಮೊದಲ ಚಳಿಗಾಲದಲ್ಲಿ ಗುಂಡಿ ತುಂಬಾ ಬಿಗಿಯಾಗಿತ್ತು, ಕೇಬಲಿಗೆ ಎಣ್ಣೆ ಬಿಟ್ಟ ಮೇಲೂ ಮೂಲ ವಾಲ್ವಿನಷ್ಟು ಹಗುರವಾಗಿ ತಿರುಗುವುದಿಲ್ಲ. ಶಾಖದ ನಿಯಂತ್ರಣವೂ ನಾಜೂಕಾಗಿಲ್ಲ. ಗುಂಡಿಯನ್ನು ಮೂರನೇ ಒಂದು ಭಾಗ ತಿರುಗಿಸುವಷ್ಟರಲ್ಲಿ ಬಹುಪಾಲು ಬಿಸಿ ಬಂದುಬಿಡುತ್ತದೆ. ಆದರೆ ಮುಚ್ಚಿದಾಗ ಪೂರ್ತಿ ಮುಚ್ಚುತ್ತದೆ. ಜುಲೈ ತಿಂಗಳಲ್ಲಿ ಕಾಲಿನ ಬಳಿ ಬಿಸಿಗಾಳಿ ಬರುವುದು ನಿಂತಿರುವುದು ನನಗೆ ದೊಡ್ಡ ನೆಮ್ಮದಿ. ಜನವರಿಯಲ್ಲಿ ಪೀಕ್ ಡಿಸ್ಟ್ರಿಕ್ಟಿನ ಗುಡ್ಡದ ರಸ್ತೆಗಳಲ್ಲಿ ಹೋಗುವಾಗ ಗಾಜಿನ ಮಂಜು ಕರಗುವಷ್ಟು ಶಾಖ ತಪ್ಪದೆ ಸಿಗುತ್ತದೆ. ಮೈಸೂರಿನಿಂದ ಬಂದಿದ್ದ ಅಮ್ಮ ಪಕ್ಕದ ಸೀಟಿನಲ್ಲಿ ಕೂತು ಶಾಲು ತೆಗೆದು ಮಡಿಲಲ್ಲಿಟ್ಟುಕೊಂಡದ್ದು ಈ ವಾಲ್ವಿಗೆ ಸಿಕ್ಕ ಪ್ರಶಂಸೆಯೆಂದೇ ನಾನು ಭಾವಿಸಿದೆ.

ಪ್ರತಿ ಅಕ್ಟೋಬರಿನಲ್ಲಿ ಬಾನೆಟ್ ತೆರೆದು, ಚಾಚಿನ ಸುತ್ತ ಒಣಬಟ್ಟೆಯಿಂದ ಒರೆಸಿ ನೋಡುತ್ತೇನೆ. ಈ ವರ್ಷ ಹೋಸಿನ ಕ್ಲಿಪ್ಪಿನ ಕೆಳಗೆ ಒಣಗಿದ ನೀಲಿ ಗೆರೆಯೊಂದು ಕಂಡಿತ್ತು. ಕ್ಲಿಪ್ಪನ್ನು ಅರ್ಧ ಸುತ್ತು ಬಿಗಿಮಾಡಿದೆ. ಆಮೇಲೆ ಹಾಸಿದ ಪತ್ರಿಕೆಗಳೆಲ್ಲ ಒಣಗಿಯೇ ಇವೆ.