ಹಿಂದಿನ ಬಂಪರಿನ ಗಾರ್ಡ್: ಸ್ಟೀಲ್ ಪೈಪು ಬಿಚ್ಚಿಸಿ ರಬ್ಬರ್ ಪಟ್ಟಿ ಹಾಕಿಸಿದ ಮೇಲೆ

ಕಾರಿನ ಹಿಂದಿನ ಬಂಪರಿಗೆ ನಾನು ಎರಡು ಸಲ ಗಾರ್ಡ್ ಹಾಕಿಸಿದ್ದೇನೆ. ಮೊದಲು ಹಾಕಿಸಿದ್ದು ಸ್ಟೀಲ್ ಪೈಪಿನದು. ಅದನ್ನು ಏಳೇ ತಿಂಗಳಲ್ಲಿ ಬಿಚ್ಚಿಸಬೇಕಾಯಿತು. ಆಮೇಲೆ ಹಾಕಿಸಿದ್ದು ಬಂಪರಿನ ಮೂಲೆಗಳಿಗೆ ಅಂಟಿಸುವ ರಬ್ಬರ್ ಪಟ್ಟಿ ಮತ್ತು ಡಿಕ್ಕಿಯ ಕೆಳಗಿನ ಅಂಚಿಗೆ ಕೂರುವ ಪ್ಲೇಟು. ಅದಕ್ಕೀಗ ವರ್ಷ ತುಂಬಿದೆ. ಎರಡೂ ಕೆಲಸ ದಾವಣಗೆರೆಯಲ್ಲೇ, ಬೇರೆ ಬೇರೆ ಅಂಗಡಿಗಳಲ್ಲಿ ಆದವು. ಹೊಸ ಕಾರು ಕೊಂಡವರು ಪೂಜೆ ಮುಗಿಸಿದ ಮಾರನೆಯ ದಿನವೇ ಪೈಪ್ ಗಾರ್ಡ್ ಹಾಕಿಸಿಕೊಂಡು ಬರುವುದನ್ನು ನಮ್ಮ ಓಣಿಯಲ್ಲೇ ನೋಡುತ್ತಿದ್ದೇನೆ. ಅಂಥವರು ದುಡ್ಡು ಕೊಡುವ ಮೊದಲು ಇದನ್ನು ಒಮ್ಮೆ ಓದಲಿ ಎಂಬ ಆಸೆಯಿಂದ ವಿವರವಾಗಿ ಬರೆಯುತ್ತಿದ್ದೇನೆ.

ನಮ್ಮದು 2021ರಲ್ಲಿ ಕೊಂಡ ಸಣ್ಣ ಹ್ಯಾಚ್‌ಬ್ಯಾಕ್. ಹೆದ್ದಾರಿಯಲ್ಲಿ ಓಡಿದ್ದಕ್ಕಿಂತ ಊರೊಳಗೆ ಓಡಿದ್ದೇ ಹೆಚ್ಚು. ಮಂಡಿಪೇಟೆಯಲ್ಲಿ ಕಿರಾಣಿ ಸಾಮಾನಿಗೆಂದೋ ಚೌಕಿಪೇಟೆಯಲ್ಲಿ ಬಟ್ಟೆಗೆಂದೋ ಕಾರು ನಿಲ್ಲಿಸಿ ಹತ್ತು ನಿಮಿಷ ಒಳಗೆ ಹೋಗಿ ಬಂದರೆ, ಹಿಂದೆ ಮೂರು ಬೈಕು ಒಂದು ಸ್ಕೂಟರು ಬಂಪರಿಗೆ ಮುತ್ತಿಡುವಷ್ಟು ಹತ್ತಿರ ನಿಂತಿರುತ್ತವೆ. ಅವುಗಳನ್ನು ಎಳೆದು ತಿರುಗಿಸುವಾಗ ಹ್ಯಾಂಡಲಿನ ತುದಿ, ಫುಟ್‌ರೆಸ್ಟು, ಲೇಡೀಸ್ ಗಾರ್ಡಿನ ಕಂಬಿ, ಇವುಗಳಲ್ಲಿ ಯಾವುದಾದರೂ ಒಂದು ತಾಗಿಯೇ ತಾಗುತ್ತದೆ. ಎರಡು ವರ್ಷದಲ್ಲಿ ಎಡಮೂಲೆಯಲ್ಲಿ ಐದು ಗೀರು, ಬಲಮೂಲೆಯಲ್ಲಿ ಎರಡು. ಇವುಗಳ ಜೊತೆಗೆ ಡಿಕ್ಕಿ ತೆರೆದು ಅಕ್ಕಿ ಚೀಲ ಎಳೆದುಕೊಳ್ಳುವಾಗ ಬಂಪರಿನ ಮೇಲ್ಭಾಗ ಉಜ್ಜಿ ಉಜ್ಜಿ ಮಾಸಿತ್ತು. ನನ್ನ ಕಾರಿಗೆ ಇದ್ದ ತೊಂದರೆ ಇಷ್ಟೇ. ಆದರೆ ಇಷ್ಟೇ ಎಂದು ನಾನಾಗ ಯೋಚಿಸಲಿಲ್ಲ. ಗಟ್ಟಿಯಾದದ್ದು ಏನಾದರೂ ಹಾಕಿಸಿಬಿಡೋಣ ಎಂದುಕೊಂಡೆ.

ಪಿ.ಬಿ. ರಸ್ತೆಯ ಕಡೆಯ ಒಂದು ಆಕ್ಸೆಸರೀಸ್ ಅಂಗಡಿಯವರು 3,400 ರೂಪಾಯಿಗೆ ಎರಡು ಸಾಲು ಪೈಪಿನ ಸ್ಟೀಲ್ ಗಾರ್ಡ್ ಹಾಕಿಕೊಟ್ಟರು. ನೋಡುವುದಕ್ಕೆ ಫಳಫಳ ಹೊಳೆಯುತ್ತಿತ್ತು, ಮನೆಯವರಿಗೂ ಹಿಡಿಸಿತು. ಅದನ್ನು ಕೂರಿಸಿದ ರೀತಿಯನ್ನು ಅಂದು ಬಗ್ಗಿ ನೋಡದೇ ಇದ್ದದ್ದು ನನ್ನ ತಪ್ಪು. ಪೈಪಿಗೆ ಬೆಸುಗೆ ಹಾಕಿದ ಎರಡು ಪಟ್ಟಿಗಳನ್ನು ಡಿಕ್ಕಿಯ ಅಡಿಯ ತಗಡಿಗೆ ತೂತು ಕೊರೆದು ಬೋಲ್ಟ್ ಹಾಕಿ ಬಿಗಿದಿದ್ದರು. ಅಲ್ಲಾಡದಿರಲಿ ಎಂದು ಬಂಪರಿನ ಕೆಳಅಂಚಿಗೂ ಎರಡು ಸ್ಕ್ರೂ ಹೊಡೆದಿದ್ದರು. ಕೊರೆದ ಜಾಗಕ್ಕೆ ಪೇಂಟೂ ಇಲ್ಲ, ರಬ್ಬರ್ ವಾಷರೂ ಇಲ್ಲ. ಒಂದು ಮಳೆಗಾಲ ಕಳೆಯುವುದರೊಳಗೆ ಆ ತೂತುಗಳ ಸುತ್ತ ತುಕ್ಕಿನ ಉಂಗುರ ಕಟ್ಟಿತ್ತು.

ಪೈಪಿಗೂ ಬೆಸುಗೆಯ ಹತ್ತಿರ ಕಂದು ಚುಕ್ಕೆ ಬಂದವು. ಅಂಗಡಿಯಲ್ಲಿ ಎಲ್ಲವನ್ನೂ ಎಸ್‌ಎಸ್ (ಸ್ಟೇನ್‌ಲೆಸ್ ಸ್ಟೀಲ್) ಎಂದೇ ಕರೆಯುತ್ತಾರೆ. ಆದರೆ ಎಸ್‌ಎಸ್ ಎಂದರೆ ಒಂದೇ ಲೋಹವಲ್ಲ. 304 ಎಂಬ ದರ್ಜೆಯಲ್ಲಿ ಸುಮಾರು ಶೇಕಡ 18 ಕ್ರೋಮಿಯಂ, ಶೇಕಡ 8 ನಿಕ್ಕಲ್ ಇರುತ್ತದೆ. 202ರಲ್ಲಿ ನಿಕ್ಕಲ್ ಕಡಿಮೆ ಮಾಡಿ ಮ್ಯಾಂಗನೀಸ್ ಸೇರಿಸಿರುತ್ತಾರೆ, ಅದು ಅಗ್ಗ ಮತ್ತು ತುಕ್ಕಿಗೆ ಬೇಗ ಸೋಲುತ್ತದೆ. ಅಯಸ್ಕಾಂತ ಹಿಡಿದು ನೋಡಿ ಎಂದು ಕೆಲವರು ಹೇಳುತ್ತಾರೆ. ಎರಡೂ ಅಯಸ್ಕಾಂತಕ್ಕೆ ಹೆಚ್ಚುಕಡಿಮೆ ಅಂಟುವುದಿಲ್ಲವಾದ್ದರಿಂದ ಆ ಪರೀಕ್ಷೆಯಿಂದ ಯಾವುದು 304, ಯಾವುದು 202 ಎಂದು ತಿಳಿಯದು. ಬಿಲ್ಲಿನಲ್ಲಿ ದರ್ಜೆಯನ್ನು ಬರೆಸಿಕೊಳ್ಳುವುದೇ ದಾರಿ.

ಇದಕ್ಕಿಂತ ದಿನನಿತ್ಯ ಕಾಡಿದ್ದು ರಿವರ್ಸ್ ಸೆನ್ಸರು. 2019ರ ಜುಲೈ 1ರಿಂದ ತಯಾರಾದ ಕಾರುಗಳಿಗೆಲ್ಲ ಹಿಂದೆ ಪಾರ್ಕಿಂಗ್ ಸೆನ್ಸರ್ ಕಡ್ಡಾಯವಾಗಿರುವುದರಿಂದ ನಮ್ಮ ಕಾರಿನಲ್ಲೂ ಬಂಪರಿನೊಳಗೆ ಎರಡು ಇವೆ. ಅವು ನಮ್ಮ ಕಿವಿಗೆ ಕೇಳದ ಶಬ್ದದ ಅಲೆ ಕಳಿಸಿ, ಅದು ತಾಗಿ ಮರಳುವ ಸಮಯದಿಂದ ದೂರ ಲೆಕ್ಕ ಹಾಕುತ್ತವೆ. ಅವುಗಳ ಎದುರಿಗೇ ನಾಲ್ಕು ಬೆರಳು ಅಂತರದಲ್ಲಿ ಪೈಪು ಬಂದು ನಿಂತರೆ ಅಲೆ ಪೈಪಿಗೇ ತಾಗಿ ವಾಪಸ್ಸಾಗುತ್ತದೆ. ರಿವರ್ಸ್ ಗೇರ್ ಹಾಕಿದೊಡನೆ, ಹಿಂದೆ ಬಯಲೇ ಇದ್ದರೂ, ಒಂದೇ ಸಮನೆ ಕೂಗತೊಡಗಿತು. ಅಂಗಡಿಯವರು ಸೆನ್ಸರಿನ ವೈರ್ ತೆಗೆದುಬಿಡೋಣ ಎಂದರು. ಓಣಿಯಲ್ಲಿ ಚಿಕ್ಕ ಮಕ್ಕಳು ಆಡುತ್ತಿರುತ್ತಾರೆ. ಗೀರು ಬೀಳಬಾರದೆಂದು ಆ ಸೆನ್ಸರಿನ ಬಾಯಿ ಮುಚ್ಚಿಸಲು ನನ್ನ ಮನಸ್ಸು ಒಪ್ಪಲಿಲ್ಲ. ಕೂಗುವುದನ್ನು ಸಹಿಸಿಕೊಂಡೇ ಓಡಿಸಿದೆ. ಎಲ್ಲದಕ್ಕೂ ಕೂಗುವ ಸೆನ್ಸರು ಯಾವುದಕ್ಕೂ ಕೂಗದ ಸೆನ್ಸರಿನಷ್ಟೇ ನಿರುಪಯೋಗಿ ಎಂಬುದು ಬೇರೆ ಮಾತು.

ಏಳನೆಯ ತಿಂಗಳಿನಲ್ಲಿ ಹದಡಿ ರಸ್ತೆಯಲ್ಲಿ ಮುಂದಿನ ವಾಹನ ನಿಂತಿತೆಂದು ನಾನೂ ನಿಲ್ಲಿಸಿದಾಗ, ಹಿಂದಿದ್ದ ಗೂಡ್ಸ್ ಆಟೋ ನಿಧಾನವಾಗಿ ಬಂದು ಗುದ್ದಿತು. ದೊಡ್ಡ ಹೊಡೆತವಲ್ಲ, ಒಳಗಿದ್ದವರಿಗೆ ಒಂದು ಜಗ್ಗು ಅಷ್ಟೇ. ಪೈಪು ಒಂದಿಷ್ಟೂ ಬಾಗಲಿಲ್ಲ. ಅದನ್ನು ಹಿಡಿದಿದ್ದ ಪಟ್ಟಿಗಳು ಒಳಕ್ಕೆ ಮಡಚಿಕೊಂಡವು. ಮಡಚಿದ ಪಟ್ಟಿ ಬಂಪರಿನ ಹೊದಿಕೆಯನ್ನು ಒಳಗಿನಿಂದ ತಳ್ಳಿ ಎರಡು ಕ್ಲಿಪ್ ಮುರಿಯಿತು, ಸ್ಕ್ರೂ ಹೊಡೆದಿದ್ದ ಜಾಗದಿಂದ ಒಂದು ಗೇಣು ಸೀಳು ಬಿಟ್ಟಿತು, ಬೋಲ್ಟ್ ಹಾಕಿದ್ದ ಡಿಕ್ಕಿಯ ತಗಡು ಒಳಕ್ಕೆ ತಗ್ಗಾಯಿತು.

ಬಿಚ್ಚಿದ ದಿನ ಟಿಂಕರಿಂಗ್ ಮೇಸ್ತ್ರಿ ನನ್ನನ್ನು ಕರೆದು ತೋರಿಸಿದರು. ನಾವು ಬಂಪರ್ ಎಂದು ಕರೆಯುವುದು ಹೊರಗಿನ ಪ್ಲಾಸ್ಟಿಕ್ ಹೊದಿಕೆಯನ್ನು ಮಾತ್ರ. ಹೊಡೆತ ತಡೆಯುವ ಕೆಲಸ ಅದರ ಹಿಂದೆ ಅಡ್ಡಲಾಗಿ ಕೂತಿರುವ ಲೋಹದ ತೊಲೆಯದು; ಆ ತೊಲೆ ಚಾಸಿಯ ಎರಡು ತುದಿಗೆ ಸೇರಿದ್ದು, ಬಂದ ಬಲವನ್ನು ಅಗಲಕ್ಕೆ ಹಂಚಿ, ತಾನು ಮಡಚಿಕೊಂಡು, ಒಳಗಿರುವವರ ತನಕ ಬರುವುದನ್ನು ಕಡಿಮೆ ಮಾಡುತ್ತದೆ. ನಮ್ಮ ಕಾರಿನಲ್ಲಿ ಆ ತೊಲೆಗೆ ಒಂದು ಗೀರೂ ಬಿದ್ದಿರಲಿಲ್ಲ. ಬಲವೆಲ್ಲ ಪೈಪಿನಿಂದ ಎರಡು ಬೋಲ್ಟುಗಳಿಗೆ ಇಳಿದು, ಹೊಡೆತ ತಡೆಯಲೆಂದು ಮಾಡದ ತೆಳು ತಗಡಿಗೆ ಹೋಗಿತ್ತು. ಕಂಪನಿಯವರು ಲೆಕ್ಕ ಹಾಕಿ ಇಟ್ಟದ್ದನ್ನು ಪಕ್ಕಕ್ಕೆ ಸರಿಸಿ ನಾವೇ ಹೊಸ ದಾರಿ ಮಾಡಿಕೊಟ್ಟಂತಾಯಿತು. ಮೆಲ್ಲನೆಯ ಹೊಡೆತವಾಗಿದ್ದರಿಂದ ತಗಡಿನಲ್ಲಿ ಮುಗಿಯಿತು.

ರಿಪೇರಿಗೆ 6,800 ರೂಪಾಯಿ ಆಯಿತು, ಪೂರ್ತಿ ನನ್ನ ಕೈಯಿಂದಲೇ. ಇನ್ಶೂರೆನ್ಸ್ ಇರಲಿಲ್ಲವೇ ಎಂದು ಕೇಳುವವರಿಗಾಗಿ ಲೆಕ್ಕ ಹೇಳುತ್ತೇನೆ. ಸಾಮಾನ್ಯ ಪಾಲಿಸಿಯಲ್ಲಿ ಪ್ಲಾಸ್ಟಿಕ್, ರಬ್ಬರ್ ಭಾಗಗಳಿಗೆ ಅರ್ಧ ಬೆಲೆ ಸವಕಳಿ ಎಂದು ಕಳೆಯುತ್ತಾರೆ, ಅದರ ಮೇಲೆ 1500 ಸಿಸಿವರೆಗಿನ ಕಾರಿಗೆ 1,000 ರೂಪಾಯಿಯನ್ನು ನಾವೇ ಭರಿಸಬೇಕು. ಅಷ್ಟಕ್ಕೆ ಕ್ಲೇಮು ಮಾಡಿದರೆ ಮೂರು ವರ್ಷ ಸುಮ್ಮನಿದ್ದು ಉಳಿಸಿಕೊಂಡಿದ್ದ ಶೇಕಡ 35ರ ನೋ ಕ್ಲೇಮ್ ಬೋನಸ್, ಅಂದರೆ ಕ್ಲೇಮು ಮಾಡದವರಿಗೆ ಪ್ರೀಮಿಯಮ್ಮಿನಲ್ಲಿ ಸಿಗುವ ರಿಯಾಯಿತಿ, ಕೈಬಿಡುತ್ತದೆ. ಪಾಲಿಸಿಯಲ್ಲಿ ತೋರಿಸದ ಗಾರ್ಡಿಗಂತೂ ಪರಿಹಾರದ ಮಾತೇ ಇಲ್ಲ.

ಕಾನೂನಿನ ಮಾತನ್ನೂ ಇಲ್ಲೇ ಹೇಳಿಬಿಡುತ್ತೇನೆ. 2017ರ ಡಿಸೆಂಬರಿನಲ್ಲಿ ಕೇಂದ್ರ ರಸ್ತೆ ಸಾರಿಗೆ ಸಚಿವಾಲಯವು ರಾಜ್ಯಗಳಿಗೆ ಪತ್ರ ಬರೆದು, ಕ್ರ್ಯಾಶ್ ಗಾರ್ಡ್ ಮತ್ತು ಬುಲ್ ಬಾರ್, ಅಂದರೆ ಇಂಥ ಪೈಪ್ ಗಾರ್ಡುಗಳನ್ನು, ಹಾಕಿಸುವುದು 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಸೆಕ್ಷನ್ನಿಗೆ ವಿರುದ್ಧವೆಂದು ತಿಳಿಸಿ, ಕ್ರಮ ಕೈಗೊಳ್ಳಲು ಸೂಚಿಸಿತ್ತು. 2019ರ ತಿದ್ದುಪಡಿಯಿಂದ ಅನುಮತಿಯಿಲ್ಲದ ಒಂದೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡಕ್ಕೆ ಅವಕಾಶವಾಗಿದೆ. ಅಂಗಡಿಯವರು ಇದನ್ನು ಹೇಳುವುದಿಲ್ಲ, ನನಗೂ ಹೇಳಲಿಲ್ಲ.

ಎರಡನೆಯ ಅಂಗಡಿಗೆ ಹೋದದ್ದು ಆ ಮೇಸ್ತ್ರಿಯ ಮಾತಿನ ಮೇಲೆ. ಸಣ್ಣ ಅಂಗಡಿ, ಒಂದೇ ಕಾರು ನಿಲ್ಲುವಷ್ಟು ಜಾಗ, ಮಾಲೀಕರೇ ಫಿಟ್ಟಿಂಗ್ ಮಾಡುತ್ತಾರೆ. ನಾನು ಇನ್ನೂ ಗಟ್ಟಿಯಾದ ಪೈಪು ಯಾವುದಿದೆ ಎಂದು ಕೇಳಿದಾಗ ಅವರು ಕೈ ಒರೆಸಿಕೊಳ್ಳುತ್ತ, "ಪೈಪ್ ಬ್ಯಾಡ್ರಿ ಸರ್. ಗಾಡಿ ಗುದ್ದೋದು ತಡೀಬೇಕೋ, ಗೀರು ತಡೀಬೇಕೋ, ಮೊದ್ಲು ಅದನ್ನ ಹೇಳ್ರಿ" ಎಂದರು. ಗೀರು ಎಂದೆ. "ಗೀರಿಗೆ ರಬ್ಬರ್ ಸಾಕ್ರಿ. ಗುದ್ದೋದನ್ನ ಕಂಪನಿ ತೊಲಿನೇ ನೋಡ್ಕೊಳ್ತತಿ" ಎಂದರು. 3,400 ಕೊಟ್ಟ ಅಂಗಡಿಯಲ್ಲಿ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ.

ಮೂಲೆಗಳಿಗೆ ನಾಲ್ಕು ಪಟ್ಟಿಗೆ 1,450, ಡಿಕ್ಕಿ ಅಂಚಿನ ಪ್ಲೇಟಿಗೆ 650, ಕೂಲಿ 400, ಒಟ್ಟು 2,500 ರೂಪಾಯಿ. ಪಟ್ಟಿ ಸುಮಾರು ಎರಡು ಬೆರಳು ಅಗಲ, ಮಧ್ಯದಲ್ಲಿ ಉಬ್ಬಿದ್ದು ಒಳಗೆ ಟೊಳ್ಳು. ಹ್ಯಾಂಡಲು ತಾಗಿದರೆ ಒತ್ತಿಕೊಂಡು ಮತ್ತೆ ಎದ್ದುಕೊಳ್ಳುತ್ತದೆ. ಹಿಂದೆ ಎರಡೂ ಬದಿ ಅಂಟಿರುವ ಫೋಮ್ ಟೇಪು. ಪ್ಲೇಟು ಗಟ್ಟಿ ಪ್ಲಾಸ್ಟಿಕ್ಕಿನದು, ನಮ್ಮ ಕಾರಿನ ಬಂಪರಿನ ಬಾಗಿಗೆ ಸರಿಯಾಗಿ ಮಾಡಿದ್ದು. ಎಲ್ಲ ಕಾರಿಗೂ ಆಗುತ್ತದೆ ಎಂದು ಮಾರುವ ಪ್ಲೇಟು ಎರಡು ತುದಿಯಲ್ಲಿ ಎದ್ದು ನಿಲ್ಲುತ್ತದೆಂದು ಅವರೇ ಒಂದನ್ನು ಇಟ್ಟು ತೋರಿಸಿದರು.

ಅಂಟಿಸುವ ಕೆಲಸವನ್ನು ನಿಂತು ನೋಡಿದೆ, ಒಂದೂವರೆ ಗಂಟೆ ಹಿಡಿಯಿತು. ಸೋಪು ನೀರಿನಿಂದ ತೊಳೆದು ಒಣಗಿಸಿ, ಸ್ಪಿರಿಟ್ ಹಾಕಿದ ಬಿಳಿ ಬಟ್ಟೆಯಿಂದ ಒರೆಸಿದರು. ಬಟ್ಟೆ ಕಪ್ಪಾಗುವುದು ನಿಲ್ಲುವವರೆಗೂ ಬಟ್ಟೆ ಬದಲಿಸುತ್ತಲೇ ಇದ್ದರು. ಕಾರು ತೊಳೆಯುವವರು ಹಚ್ಚಿದ ಪಾಲಿಶಿನ ಎಣ್ಣೆ ಉಳಿದರೆ ಯಾವ ಟೇಪೂ ನಿಲ್ಲುವುದಿಲ್ಲವಂತೆ. ಪೇಂಟ್ ಇಲ್ಲದ ಕೆಳಭಾಗದ ಕಪ್ಪು ಪ್ಲಾಸ್ಟಿಕ್ಕಿಗೆ ಬೇರೆಯಾಗಿ ಪ್ರೈಮರ್ ಹಚ್ಚಿದರು, ಏಕೆಂದರೆ ಬಂಪರುಗಳು ಹೆಚ್ಚಾಗಿ ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ಕಿನವು, ಅದಕ್ಕೆ ಅಂಟು ಹಿಡಿಯುವುದು ಕಷ್ಟ. ಸೆನ್ಸರಿನ ಎರಡೂ ಕಡೆ ಅಳತೆ ಪಟ್ಟಿ ಇಟ್ಟು ಗುರುತು ಮಾಡಿ, ಅಷ್ಟು ಜಾಗ ಬಿಟ್ಟೇ ಪಟ್ಟಿ ಕೂರಿಸಿದರು. ಆಮೇಲೆ ನನ್ನನ್ನು ಕಾರಿನಲ್ಲಿ ಕೂರಿಸಿ ರಿವರ್ಸ್ ಹಾಕಿಸಿ, ಹಿಂದೆ ತಾವೇ ನಡೆದು ಬಂದು ಸೆನ್ಸರ್ ಎಷ್ಟು ದೂರದಲ್ಲಿ ಕೂಗುತ್ತದೆ ಎಂದು ಪರೀಕ್ಷಿಸಿದರು. ಮೂರು ದಿನ ವಾಟರ್ ಸರ್ವಿಸ್ ಬೇಡ ಎಂದು ಕಟ್ಟುನಿಟ್ಟಾಗಿ ಹೇಳಿದರು. ಇಂಥ ಟೇಪು ಪೂರ್ತಿ ಹಿಡಿಯಲು ಸುಮಾರು 72 ಗಂಟೆ ಬೇಕು. ಒಂದು ತೂತೂ ಕೊರೆಯಲಿಲ್ಲ. ಹಳೆಯ ತೂತುಗಳ ತುಕ್ಕನ್ನು ಉಜ್ಜಿ ತೆಗೆದು ರೆಡ್ ಆಕ್ಸೈಡ್ ಬಳಿದು ಮುಚ್ಚಿದ್ದಕ್ಕೆ ಬೇರೆ ಹಣ ಕೇಳಲಿಲ್ಲ.

ಕೊರತೆಗಳೂ ಇವೆ. ಬೇಸಿಗೆ ದಾಟುವಷ್ಟರಲ್ಲಿ ಪಟ್ಟಿಯ ಕಪ್ಪು ಬೂದಿ ಬಣ್ಣಕ್ಕೆ ತಿರುಗಿತು. ಪಟ್ಟಿಯ ಮೇಲಂಚಿನಲ್ಲಿ ಧೂಳು ಕೂರುತ್ತದೆ, ಹಳೆಯ ಬ್ರಷ್ಷಿನಿಂದ ತೆಗೆಯಬೇಕು. ಎಡಗಡೆಯ ಕೆಳಗಿನ ಪಟ್ಟಿಯ ತುದಿ ಮಳೆಗಾಲದಲ್ಲಿ ಅರ್ಧ ಇಂಚು ಎದ್ದಿತು. ತೋರಿಸಿದಾಗ ಮತ್ತೆ ಅಂಟಿಸಿಕೊಟ್ಟರಾದರೂ, ಅದಕ್ಕೆ ಎರಡು ಸಲ ಅಲೆಯಬೇಕಾಯಿತು, ಮೊದಲ ಸಲ ಅಂಗಡಿ ಮುಚ್ಚಿತ್ತು. ಹೊಳಪು ಬಯಸುವವರಿಗೆ ಇದು ಹಿಡಿಸಲಿಕ್ಕಿಲ್ಲ. ಸಂಬಂಧಿಕರೊಬ್ಬರು ಇದನ್ನು ಲಗೇಜ್ ಆಟೋದ ರಬ್ಬರಿನಂತಿದೆ ಎಂದರು. ನನಗೆ ಹಾಗೆ ಅನ್ನಿಸಿಲ್ಲ, ಬಂಪರಿನ ಗೆರೆಯ ಜೊತೆಗೇ ಓಡುವುದರಿಂದ ಕಂಪನಿಯದೇ ಎಂಬಂತೆ ಕಾಣುತ್ತದೆ. ಡಿಕ್ಕಿಯ ಪ್ಲೇಟಿನ ಬಗ್ಗೆ ಹೇಳಲು ಹೆಚ್ಚೇನೂ ಇಲ್ಲ. ಇಪ್ಪತ್ತೈದು ಕೆಜಿಯ ಚೀಲ ಎಷ್ಟು ಸಲ ಎಳೆದರೂ ಹಾಗೇ ಇದೆ.

ಹೋದ ತಿಂಗಳು ಚೌಕಿಪೇಟೆಯಲ್ಲಿ ಯಾವುದೋ ಸ್ಕೂಟರಿನ ಕಂಬಿ ಸಿಕ್ಕಿಕೊಂಡು ಎಡಮೂಲೆಯ ಮೇಲಿನ ಪಟ್ಟಿ ಮಧ್ಯದಲ್ಲಿ ಹರಿಯಿತು. ಅಂಗಡಿಯವರು ಅದನ್ನು ಬಿಸಿಗಾಳಿಯಿಂದ ಮೆತ್ತಗೆ ಮಾಡಿ, ಹಿಂದೆ ನೈಲಾನ್ ದಾರ ತೂರಿಸಿ ಗರಗಸದಂತೆ ಆಚೀಚೆ ಎಳೆದು ಬಿಡಿಸಿದರು. ಉಳಿದ ಅಂಟನ್ನು ಹೆಬ್ಬೆರಳಿನಿಂದ ಉಂಡೆ ಕಟ್ಟಿ ಕಿತ್ತರು. ಅಡಿಯಲ್ಲಿದ್ದ ಪೇಂಟ್ ಸುತ್ತಲಿನದಕ್ಕಿಂತ ಹೊಳೆಯುತ್ತಿತ್ತು, ರಿಪೇರಿಯ ನಂತರ ಹೊಡೆಸಿದ ದಿನ ಇದ್ದ ಹಾಗೆಯೇ. ಹೊಸ ಪಟ್ಟಿ ಒಂದಕ್ಕೆ ಮಾತ್ರ 360 ರೂಪಾಯಿ ತೆಗೆದುಕೊಂಡರು, ಅರ್ಧ ಗಂಟೆಯಲ್ಲಿ ಕೆಲಸ ಮುಗಿಯಿತು.